ಮೊಣಕಾಲಿನ ಮೇಲೆ ತಟ್ಟಿದ ಕೈಗೆ

ಹೋದ ಭಾನುವಾರ ಊರವರು ಬಸ್ ಸ್ಟ್ಯಾಂಡಿನಿಂದ ಮನೆವರೆಗೂ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಕರೆತಂದರು. ಸೈನ್ಯದಲ್ಲಿ 26 ವರ್ಷದ ನೌಕರಿ ಮುಗಿಸಿ ಬಂದವನಿಗೆ ಇಷ್ಟು ಪ್ರೀತಿ ಸಿಗುತ್ತದೆ ಅಂದುಕೊಂಡಿರಲಿಲ್ಲ. ಹಾರ ಹಾಕಿದವರು, ಅಡುಗೆ ಮಾಡಿ ಬಡಿಸಿದ ಓಣಿಯ ಹೆಣ್ಣುಮಕ್ಕಳು, ನಾಸಿಕ್ ರೋಡಿನ ತರಬೇತಿಯಿಂದ ಜೊತೆಗಿದ್ದ ಗೆಳೆಯರು, ನನ್ನ ಕಿವಿ ನೋಡಿದ ಡಾಕ್ಟರುಗಳು, ಎಲ್ಲರಿಗೂ ಕೈಮುಗಿದು ನಮಸ್ಕಾರ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಜೀಪಿನಲ್ಲಿ ನಿಂತಿದ್ದಾಗ ನನ್ನ ಕಣ್ಣು ಮತ್ತೆ ಮತ್ತೆ ಡ್ರೈವರ್ ಸೀಟಿನ ಕಡೆ ಹೋಗುತ್ತಿತ್ತು. ಅಲ್ಲಿ ನಮ್ಮ ಉಸ್ತಾದ್ ಇರಬೇಕಿತ್ತು.

ಉಸ್ತಾದ್ ಅಂದರೆ ನಮ್ಮ ಗ್ರಾಡ್ ಗಾಡಿಯ, ಅಂದರೆ ರಾಕೆಟ್ ಹಾರಿಸುವ ಲಾರಿಯ, ಡ್ರೈವರ್. ಹರಿಯಾಣದವರು. ಉರಾಲ್ ಲಾರಿಯ ಬೆನ್ನ ಮೇಲೆ 40 ಕೊಳವೆ, 122 ಮಿಲಿಮೀಟರ್ ರಾಕೆಟ್. ನಲವತ್ತೂ ಹಾರಿ ಮುಗಿಯಲು ಸುಮಾರು 20 ಸೆಕೆಂಡ್ ಸಾಕು. ಜನ ಕೇಳುವುದು ಆ 20 ಸೆಕೆಂಡಿನ ಬಗ್ಗೆಯೇ. ಆದರೆ ಆ ಬೆಂಕಿ, ಧೂಳು, ಹೊಗೆ ಎಷ್ಟೋ ದೂರಕ್ಕೆ ಕಾಣುತ್ತದೆ. ನಾವು ಎಲ್ಲಿದ್ದೇವೆ ಅಂತ ಶತ್ರುವಿಗೆ ನಾವೇ ಕೂಗಿ ಹೇಳಿದ ಹಾಗೆ. ಉತ್ತರ ಬರುವ ಮೊದಲು ಜಾಗ ಬಿಡಬೇಕು. ಆಮೇಲೆ ಒಂದೊಂದೂ 66 ಕೆಜಿ ತೂಗುವ ರಾಕೆಟ್‌ಗಳನ್ನು ಕೈಯಿಂದಲೇ ಎತ್ತಿ ತುಂಬಬೇಕು. ಹಾರಿಸುವವನ ಜೀವ ಓಡಿಸುವವನ ಕೈಯಲ್ಲಿರುತ್ತದೆ.

1999ರ ಜೂನ್, ಕಾರ್ಗಿಲ್ ಯುದ್ಧ, ದ್ರಾಸ್. ಹತ್ತು ಸಾವಿರ ಅಡಿಗೂ ಎತ್ತರ. ಹೆದ್ದಾರಿ, ಮೇಲಿನ ಬೆಟ್ಟದಲ್ಲಿದ್ದ ಶತ್ರುವಿನ ಕಣ್ಣಿಗೆ ಬೀಳುತ್ತಿತ್ತು, ಹಾಗಾಗಿ ರಾತ್ರಿ ಹೆಡ್‌ಲೈಟ್ ಹಾಕುವ ಹಾಗಿರಲಿಲ್ಲ. ಅವತ್ತು ನಾವು ರಾಕೆಟ್ ಹಾರಿಸಿ ಹೊರಡುವಷ್ಟರಲ್ಲಿ ಶತ್ರುವಿನ ಶೆಲ್ ಹತ್ತಿರದಲ್ಲೇ ಬಿದ್ದು ಸಿಡಿಯಿತು, ನನ್ನ ಎರಡೂ ಕಿವಿ ಕೇಳದಾದವು. ಉಸ್ತಾದ್ ನನ್ನನ್ನು ಕ್ಯಾಬಿನ್ನಿಗೆ ಎಳೆದು ಹಾಕಿ, ಕಿಟಕಿಯಿಂದ ತಲೆ ಹೊರಗೆ ಚಾಚಿ, ಕತ್ತಲಲ್ಲೇ ಗಾಡಿ ಓಡಿಸಿದರು.

ಬಂಡೆಯ ಮರೆಗೆ ಬಂದ ಮೇಲೂ ಶೆಲ್ ಬೀಳುವುದು ನಿಲ್ಲಲಿಲ್ಲ. ನೆಲ ನಡುಗುತ್ತಿತ್ತು, ನನಗೆ ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಮುಂದಿನದು ಬರುತ್ತಿದೆಯೋ ಇಲ್ಲವೋ ಗೊತ್ತಾಗದ ಆ ಭಯವನ್ನು ಹೇಗೆ ಹೇಳಲಿ? ನನಗಾಗ 20 ವರ್ಷ. ಅವ್ವಾ, ಅವ್ವಾ ಅಂತ ಕೂಗುತ್ತಲೇ ಇದ್ದೆನಂತೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಇದನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿಲ್ಲ.

ಉಸ್ತಾದ್ ತಮ್ಮ ಕಂಬಳಿಯನ್ನು ನನಗೆ ಸುತ್ತಿ ಪಕ್ಕದಲ್ಲಿ ಕೂತರು. ಶೆಲ್ ಬರುವ ಸದ್ದು ಕೇಳಿದರೆ ನನ್ನ ಮೊಣಕಾಲಿನ ಮೇಲೆ ಒಂದು ಸಲ ತಟ್ಟುತ್ತಿದ್ದರು, ತಲೆ ತಗ್ಗಿಸು ಅಂತ. ಬಿದ್ದು ಮುಗಿದ ಮೇಲೆ ಎರಡು ಸಲ. ಬೆಳಕು ಹರಿಯುವವರೆಗೂ ಹೀಗೇ. ಒಂದು, ಆಮೇಲೆ ಎರಡು. ಅವರು ಕಣ್ಣು ಮುಚ್ಚಲೇ ಇಲ್ಲ. ಅವರಿಗೂ ಊರಲ್ಲಿ ಎರಡು ಚಿಕ್ಕ ಮಕ್ಕಳಿದ್ದರು. ಅವರಿಗೂ ಭಯ ಇತ್ತು, ಅಲ್ವಾ? ಇದು ನನಗೆ ಹೊಳೆದದ್ದು ನಾನು ಅಪ್ಪನಾದ ಮೇಲೆ. ಅವತ್ತು ಮಲಗಿದ್ದ ಮಗಳ ಪಕ್ಕ ಕೂತು ಸುಮ್ನೆ ಅತ್ತುಬಿಟ್ಟೆ.

ಎಡಗಿವಿ ವಾಪಸ್ ಬಂತು. ಜುಲೈ 4ರಂದು ಟೈಗರ್ ಹಿಲ್ ನಮ್ಮ ಕೈಸೇರಿದ ಸುದ್ದಿಯನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಆ ಕಿವಿಯಿಂದಲೇ ಕೇಳಿದೆ. ನೌಕರಿಯ ಕೊನೆಯ ವರ್ಷಗಳು ನಮ್ಮ ದೇಶದ್ದೇ ರಾಕೆಟ್ ಗಾಡಿಯಾದ ಪಿನಾಕದ ಜೊತೆ ಕಳೆದವು. 44 ಸೆಕೆಂಡಿಗೆ 12 ರಾಕೆಟ್, ಲಾರಿ ನಮ್ಮ ಬೆಂಗಳೂರಿನ ಬೆಮೆಲ್ ಕಂಪನಿಯದು. ಅದನ್ನು ಓಡಿಸಲು ಬಂದ ಪ್ರತಿ ಹೊಸ ಹುಡುಗನಿಗೂ ಉಸ್ತಾದರ ಆ ರಾತ್ರಿಯ ಕಥೆ ಹೇಳಿದ್ದೇನೆ.

ಉಸ್ತಾದ್, ಮಂಡಿನೋವಿನಿಂದ ನಿಮಗೆ ಇಲ್ಲಿಯವರೆಗೆ ಬರಲಾಗಲಿಲ್ಲ. ಮುಂದಿನ ವಾರ ನಾನೇ ಬರುತ್ತಿದ್ದೇನೆ, ಧಾರವಾಡದ ಪೇಡೆ ತೆಗೆದುಕೊಂಡು. ನಿಮಗೆ ಕನ್ನಡ ಬರುವುದಿಲ್ಲ, ಇದನ್ನೆಲ್ಲ ಪಕ್ಕದಲ್ಲಿ ಕೂತು ಹಿಂದಿಯಲ್ಲಿ ಓದಿ ಹೇಳುತ್ತೇನೆ. ನೀವು ನನ್ನ ಎಡಗಡೆ ಕೂತುಕೊಳ್ಳಿ.