ತವರಿಗೆ ಬರಲು ಹೆದರಬೇಡ

ಬೆಳಗಾವಿ

ಚಿ. ಸೌ. ಗಿರಿಜಾಳಿಗೆ ಅವ್ವನ ಆಶೀರ್ವಾದಗಳು.

ಚೊಚ್ಚಲ ಹೆರಿಗೆಗೆ ನಿನ್ನನ್ನು ತವರಿಗೆ ಕಳಿಸಲು ಅತ್ತೆಯವರು ಹಿಂದೆಮುಂದೆ ನೋಡುತ್ತಿದ್ದಾರೆ ಎಂದು ಅಪ್ಪ ಹೇಳಿದರು. ನನ್ನ ಹಾಗೆ ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡವರ ಮೈಯಿಂದ ಗರ್ಭಕ್ಕೆ ತೊಂದರೆ ಎಂದು ವಿಜಯಪುರದಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದಾರಂತೆ. ಅವರ ಕಾಳಜಿಯನ್ನು ತಪ್ಪು ಎನ್ನಲಾರೆ. ಆದರೆ ಆ ಮಾತು ನಿಜವಲ್ಲ.

ನನಗೆ ಕೊಡುತ್ತಿರುವುದು ಲಿನಾಕ್ ಎಂಬ ಯಂತ್ರದಿಂದ ಬರುವ ವಿಕಿರಣ. ವೇಗವಾಗಿ ನುಗ್ಗುವ ಎಲೆಕ್ಟ್ರಾನ್‌ಗಳು ಲೋಹಕ್ಕೆ ಬಡಿದಾಗ ಎಕ್ಸ್‌ರೇ ಹುಟ್ಟುತ್ತದೆ. ಯಂತ್ರ ನಿಂತರೆ ಅದೂ ನಿಂತಿತು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ನನ್ನ ಮೈಯಲ್ಲಿ ಏನೂ ಉಳಿಯುವುದಿಲ್ಲ. ನೀನು ನನ್ನ ಪಕ್ಕದಲ್ಲೇ ಮಲಗಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧಿ ನುಂಗಿದವರು ಕೆಲವು ದಿನ ಗರ್ಭಿಣಿಯರಿಂದ, ಮಕ್ಕಳಿಂದ ದೂರ ಇರಬೇಕಾಗುತ್ತದೆ. ಆ ಮಾತೇ ಇಲ್ಲಿಗೂ ಅಂಟಿಕೊಂಡಿರಬೇಕು.

ನನ್ನ ಹೃದಯಕ್ಕೆ ಏನಾದೀತು ಎಂದು ಕೇಳಿದ್ದೆಯಲ್ಲ. ರೋಗ ಎಡ ಸ್ತನದ್ದು, ಹೃದಯ ಅದರ ಹಿಂದೆಯೇ ಇದೆ. ಅದಕ್ಕಾಗಿ ಉಸಿರು ಹಿಡಿಸಿ ಕೊಡುತ್ತಾರೆ. ಕೈ ತಲೆಯ ಮೇಲಕ್ಕೆ ಎತ್ತಿ ಮಲಗಬೇಕು. ಎದೆಯ ಮೇಲಿನ ಗುರುತಿಗೆ ಹಸಿರು ಬೆಳಕಿನ ಗೆರೆ ಕೂಡುವವರೆಗೆ ತಂತ್ರಜ್ಞೆ ನನ್ನನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾಳೆ. ಆಮೇಲೆ ಎಲ್ಲರೂ ಹೊರಗೆ, ದಪ್ಪ ಬಾಗಿಲು ಮುಚ್ಚುತ್ತದೆ. “ಅಮ್ಮಾ, ಉಸಿರು ಎಳೆದುಕೊಳ್ಳಿ, ಹಿಡಿಯಿರಿ” ಎಂದು ಸ್ಪೀಕರಿನಲ್ಲಿ ದನಿ. ಶ್ವಾಸಕೋಶ ಉಬ್ಬಿದಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಆ ಹೊತ್ತಿನಲ್ಲಷ್ಟೇ ಕಿರಣ. ಉಸಿರು ಬಿಟ್ಟರೆ ಕಿರಣ ನಿಲ್ಲುತ್ತದೆ. ಇಷ್ಟು ಜಾಗರೂಕತೆಯನ್ನು ಕಣ್ಣಾರೆ ಕಂಡ ಮೇಲೆ ನನ್ನ ಭಯ ಹೋಯಿತು.

ಹಿಂದೆ ಐದು ವಾರ ಹಿಡಿಯುತ್ತಿದ್ದುದು ಈಗ ಎಷ್ಟೋ ಜನರಿಗೆ ಮೂರೇ ವಾರಗಳಲ್ಲಿ ಮುಗಿಯುತ್ತದೆ: 15 ಸಲ, ಒಟ್ಟು 40 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ). ನನಗೂ ಅದೇ. ಚರ್ಮ ಕಪ್ಪಾಗಿ ಉರಿಯುತ್ತದೆ, ಮಧ್ಯಾಹ್ನಕ್ಕೆ ಸುಸ್ತು. ಕೂದಲು ಉದುರಿದ್ದು ಕಿಮೋದಿಂದ, ಇದರಿಂದಲ್ಲ. ನವಿ ಮುಂಬಯಿಯ ಟಾಟಾ ಕ್ಯಾನ್ಸರ್ ಕೇಂದ್ರದಲ್ಲಿ ಪ್ರೋಟಾನ್ ಎಂಬ ಬೇರೆ ಬಗೆಯ ಕಿರಣ ಕೊಡಿಸೋಣ ಎಂದು ನಿನ್ನ ಅಣ್ಣ ಹಟ ಹಿಡಿದಿದ್ದ. ಗಡ್ಡೆಯನ್ನು ದಾಟಿ ಹೆಚ್ಚು ಮುಂದೆ ಹೋಗದ ಆ ಕಿರಣ ಮಕ್ಕಳ ಮಿದುಳಿನ, ಬೆನ್ನುಹುರಿಯ ಬಳಿಯ ಗಡ್ಡೆಗಳಿಗೆ ದೊಡ್ಡ ವರ. ನನಗೆ ಇದೇ ಸಾಕೆಂದು ವೈದ್ಯರು ಬಿಡಿಸಿ ಹೇಳಿದರು.

ಈ ಪತ್ರವನ್ನು ಅತ್ತೆಯವರಿಗೆ ಓದಿ ಹೇಳು. ಸಂಶಯ ಉಳಿದರೆ ನಿನ್ನನ್ನು ನೋಡುವ ಹೆರಿಗೆ ಡಾಕ್ಟರನ್ನೇ ಕೇಳಲಿ. ಕುಬಸದ ಕಾರ್ಯ ಮುಗಿದ ಮೇಲೆ ಕರೆದುಕೊಂಡು ಬರಲು ಅಪ್ಪ ಬರುತ್ತಾರೆ. ನನ್ನ ಎಡಗೈಗೆ ಇನ್ನೂ ಕೆಲಸ ಒಗ್ಗುತ್ತಿಲ್ಲ. ಅಂಟಿನುಂಡೆ ಕಟ್ಟಲು ಚಿಕ್ಕಮ್ಮ ಬರುತ್ತಾಳೆ.

ನಿನ್ನ,
ಅವ್ವ