ಐದು ವಾರ ನನಗೆ ಕೈಯಾದವರಿಗೆ

ಶುಕ್ರವಾರ ರಿಸಲ್ಟ್ ಬಂತು. ಪಾಸಾಗಿದ್ದೇನೆ. ಅಡುಗೆ ಕಾಲೇಜಿನ ಒಂದು ವರ್ಷದ ಡಿಪ್ಲೊಮಾ ಮುಗಿಯಿತು, ಸೋಮವಾರದಿಂದ ಹೋಟೆಲ್ ಒಂದರ ಕಿಚನ್‌ನಲ್ಲಿ ಟ್ರೇನಿ ಆಗಿ ಸೇರುತ್ತಿದ್ದೇನೆ. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿ ಆಯಿತು. ಆದರೆ ಕೆಲವರಿಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸೋಕೆ ಮನಸ್ಸು ಒಪ್ಪುತ್ತಿಲ್ಲ. ಅವರಿಗಾಗಿ ಇದು.

ನವೆಂಬರ್ ಕೊನೇ ವಾರ ಕಾಲೇಜಿನ ಕಿಚನ್‌ನಲ್ಲಿ ನನ್ನ ಬಲಗೈ ಸುಟ್ಟಿತು. ಫ್ರೀಜರ್‌ನಿಂದ ತೆಗೆದ ಆಲೂಗಡ್ಡೆ ಮೇಲೆ ಐಸ್ ಕಟ್ಟಿತ್ತು. ಅದನ್ನು ಒದರದೆ ಬಾಸ್ಕೆಟ್ಟನ್ನು ಹಾಗೇ ಫ್ರೈಯರ್‌ಗೆ ಇಳಿಸಿದೆ. ಎಣ್ಣೆ 180 ಡಿಗ್ರಿಯಲ್ಲಿತ್ತು. ನೀರು ಆವಿಯಾಗುವಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ ಅಂತ ನೋಟ್ಸಿನಲ್ಲಿ ನಾನೇ ಬರೆದುಕೊಂಡಿದ್ದೆ. ಬರೆದದ್ದು ಬೇರೆ, ಎದುರಿಗೆ ನೋಡೋದು ಬೇರೆ. ಎಣ್ಣೆ ಉಕ್ಕಿ ಮಣಿಕಟ್ಟಿನಿಂದ ಬೆರಳ ಗೆಣ್ಣಿನ ತನಕ ಚೆಲ್ಲಿತು.

ಮೊದಲು ಓಡಿ ಬಂದಿದ್ದು ಪಾತ್ರೆ ತೊಳೆಯುವ ಜಾಗದಲ್ಲಿದ್ದ ಅಣ್ಣ. ಒಬ್ಬರು ಟೂತ್‌ಪೇಸ್ಟ್ ತರೋಕೆ ಓಡಿದರು, ಇನ್ನೊಬ್ಬರು ಐಸ್ ಇಡೋಣ ಅಂದರು. ಅಣ್ಣ ಎರಡೂ ಬೇಡ ಅಂದರು. ನನ್ನ ಮೊಣಕೈ ಹಿಡಿದು ಸಿಂಕ್ ಹತ್ತಿರ ಎಳೆದುಕೊಂಡು ಹೋಗಿ ನಲ್ಲಿ ತಿರುಗಿಸಿದರು. ನೀರು ಜೋರಾಗಿ ಬೀಳಬಾರದು, ಹರಿಯುತ್ತಾ ಇರಬೇಕು, ಅಷ್ಟೇ. ನಾನು ಕೈ ಎಳೆದುಕೊಂಡಾಗಲೆಲ್ಲ "ಇನ್ನೂ ಆಗಿಲ್ಲಮ್ಮ, ಗಡಿಯಾರ ನೋಡ್ತಾ ಇರು" ಅಂತಿದ್ದರು. ಪೂರ್ತಿ ಇಪ್ಪತ್ತು ನಿಮಿಷ. ನಾನು ನಡುಗೋಕೆ ಶುರು ಮಾಡಿದಾಗ ತಮ್ಮ ಬ್ಯಾಗಿನಿಂದ ಒಗೆದು ಮಡಿಚಿಟ್ಟ ಟವೆಲ್ ತೆಗೆದು ಹೆಗಲಿಗೆ ಹೊದಿಸಿದರು. ಆಮೇಲೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಎಷ್ಟು ಹೊತ್ತು ನೀರಲ್ಲಿ ಇಟ್ಟಿದ್ದಿರಿ ಅಂತ. ಉತ್ತರ ಕೇಳಿ, ಒಳ್ಳೇದು ಮಾಡಿದಿರಿ, ಇಲ್ಲದಿದ್ದರೆ ಗಾಯ ಇನ್ನೂ ಆಳಕ್ಕೆ ಹೋಗುತ್ತಿತ್ತು ಅಂದರು. ಮಾಡಿದ್ದು ನಾನಲ್ಲ, ಅಣ್ಣ. ನಾವು ಸೇರಿದ ಮೊದಲ ವಾರ ಅವರ ಕಡೆ ಕರಿ ಹಿಡಿದ ಬಾಣಲೆ ತಳ್ಳಿ ಹೋಗುತ್ತಿದ್ದೆವು, ಒಂದು ಮಾತೂ ಆಡದೆ. ಅದು ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಗಾಯ ಎರಡನೇ ಡಿಗ್ರಿ. ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಐದು ವಾರ ಬಲಗೈಯಲ್ಲಿ ಏನೂ ಹಿಡಿಯುವ ಹಾಗಿಲ್ಲ. ಅರಸೀಕೆರೆಯಿಂದ ಅಪ್ಪ ಫೋನ್ ಮಾಡಿ, ಸಾಕು ವಾಪಸ್ ಬಾ ಅಂದರು. ಹೋಗಿಬಿಡೋಣ ಅಂತ ನನಗೂ ಅನಿಸಿತ್ತು. ಅಡುಗೆ ಕಲಿಯೋಕೆ ಬಂದವಳಿಗೆ ಕೈಯೇ ಇಲ್ಲದಿದ್ದರೆ ಇನ್ನೇನು ಮಾಡೋದು ಹೇಳಿ.

ನಮ್ಮ ಚೆಫ್ ಸರ್ ಹತ್ತಿರ ರಜೆ ಚೀಟಿ ತೆಗೆದುಕೊಂಡು ಹೋದೆ. ಅವರು ಅದನ್ನು ಓದಿ ವಾಪಸ್ ಕೊಟ್ಟರು. "ನಾಲಿಗೆ ಸುಟ್ಟಿಲ್ಲ ತಾನೆ? ನಾಳೆ ಬಾ" ಅಂದರು. ಮಾರನೇ ದಿನದಿಂದ ಕ್ಲಾಸಿನಲ್ಲಿ ಆಗುವ ಪ್ರತಿ ಪಾತ್ರೆಯ ರುಚಿ ನೋಡೋದು ನನ್ನ ಕೆಲಸ. ಎಡಗೈಯಲ್ಲಿ ಒಂದು ಡಬ್ಬಿ ತುಂಬಾ ಚಮಚ. ಒಂದು ಚಮಚ ಒಂದೇ ಸಲ ಬಾಯಿಗೆ, ಆಮೇಲೆ ತೊಳೆಯೋಕೆ. "ಚೆನ್ನಾಗಿದೆ" ಅನ್ನೋ ಮಾತು ಬಳಸುವ ಹಾಗಿಲ್ಲ. ಏನು ಜಾಸ್ತಿ, ಏನು ಕಮ್ಮಿ, ಅದನ್ನು ಹೇಳಬೇಕು. ಮೊದಲ ದಿನ ಎಲ್ಲದಕ್ಕೂ ಉಪ್ಪು ಕಮ್ಮಿ ಅಂದೆ. ಸರ್ ಸೂಪನ್ನು ಎರಡು ಬಟ್ಟಲಿಗೆ ಹಾಕಿ ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ ಹಾಕಿ ಕೊಟ್ಟರು. ನಿಂಬೆ ಹಾಕಿದ್ದೇ ಸರಿ ಹೋಗಿತ್ತು. ಮನೆಯಲ್ಲಿ ಸಾರು ಸಪ್ಪೆ ಅನಿಸಿದಾಗ ಅಮ್ಮ ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ಹುಣಸೆ ರಸ ಬಿಡುತ್ತಿದ್ದದ್ದು ಯಾಕೆ ಅಂತ ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ಸ್ಟಾಕ್‌ಗೆ, ಅಂದರೆ ಮೂಳೆ, ತರಕಾರಿ ಕುದಿಸಿ ತೆಗೆಯುವ ರಸಕ್ಕೆ, ಉಪ್ಪು ಹಾಕದೇ ಇರೋದು ಯಾಕೆ ಅನ್ನೋದೂ ಅಲ್ಲೇ ತಿಳಿಯಿತು. ಅದು ಬತ್ತುತ್ತಾ ಬತ್ತುತ್ತಾ ನೀರು ಹೋಗುತ್ತದೆ, ಉಪ್ಪು ಅಷ್ಟೇ ಉಳಿಯುತ್ತದೆ. ಸುಮ್ನೆ ನಿಂತು ನೋಡೋದರಲ್ಲೂ ಕೆಲಸ ಇದೆ. ಮೊಟ್ಟೆಯ ಹಳದಿಗೆ ಬೆಣ್ಣೆ ಸೇರಿಸಿ ಮಾಡುವ ಹಾಲಂಡೇಸ್ ಸಾಸ್ ಒಡೆಯುವ ಒಂದು ಕ್ಷಣ ಮೊದಲು ಅದರ ಅಂಚಿನಲ್ಲಿ ಬೆಣ್ಣೆ ಮಿನುಗೋದು, ಅದನ್ನು ಕಲಕುತ್ತಿರುವವರಿಗೆ ಕಾಣಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತವರಿಗೆ ಕಾಣುತ್ತದೆ. ಸರ್, ಆ ಚೀಟಿ ವಾಪಸ್ ಕೊಟ್ಟಿದ್ದಕ್ಕೆ ನಾನು ಋಣಿ.

ಇನ್ನು ನನ್ನ ಗೆಳತಿ. ಊರು ಕಲಬುರಗಿ, ಹಾಸ್ಟೆಲ್‌ನಲ್ಲಿದ್ದಳು. ಚೆಫ್ ಕೋಟಿಗೆ ಎರಡು ಸಾಲು ಗುಂಡಿ, ಗಟ್ಟಿ ಬಟ್ಟೆ. ಒಂದು ಕೈಯಲ್ಲಿ ಅದು ಆಗೋ ಕೆಲಸ ಅಲ್ಲ. ಏಳು ಗಂಟೆಗೆ ಕ್ಲಾಸು, ಆರು ಮುಕ್ಕಾಲಿಗೆ ಬಟ್ಟೆ ಬದಲಿಸುವ ರೂಮಿನ ಬಾಗಿಲಲ್ಲಿ ಅವಳು ನಿಂತಿರುತ್ತಿದ್ದಳು. "ಸುಮ್ನ ನಿಂದ್ರ, ಅಲುಗಾಡಬ್ಯಾಡ" ಅನ್ನುತ್ತಾ ಮೇಲಿನಿಂದ ಕೆಳಗೆ ಒಂದೊಂದೇ ಗುಂಡಿ ಹಾಕೋಳು, ಏಪ್ರನ್ ದಾರ ಹಿಂದೆ ಸುತ್ತಿ ಮುಂದೆ ಕಟ್ಟೋಳು, ಒಣಗಿದ ಟವೆಲನ್ನು ಸೊಂಟಕ್ಕೆ ಸಿಕ್ಕಿಸೋಳು. ಒದ್ದೆ ಟವೆಲಿನಲ್ಲಿ ಬಿಸಿ ಪಾತ್ರೆ ಮುಟ್ಟಿದರೆ ಬಿಸಿ ತಕ್ಷಣ ಕೈಗೆ ಹತ್ತುತ್ತದೆ, ಅದಕ್ಕೇ ಅವಳು ನನ್ನ ಟವೆಲ್ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕೂದಲು ಬಾಚಿ ಟೋಪಿಯೊಳಗೆ ಸೇರಿಸಿದ್ದೂ ಅವಳೇ. ಮಧ್ಯಾಹ್ನ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ತುತ್ತು ಮಾಡಿ ತಟ್ಟೆಯಲ್ಲಿಡೋಳು. ನಾನು ಎಡಗೈಯಲ್ಲಿ ತಿನ್ನೋಕೆ ಹಿಂಜರಿದರೆ ತಾನೂ ಎಡಗೈಯಲ್ಲೇ ತಿನ್ನೋಳು. ಇದನ್ನು ಬರೆಯುವಾಗ ಕಣ್ಣು ತುಂಬುತ್ತಿದೆ ಕಣೇ.

ಗಾಯದ ಡ್ರೆಸ್ಸಿಂಗ್ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ಅಲ್ಲಿನ ಸಿಸ್ಟರ್‌ಗಳು ಹಳೇ ಗಾಜ್ ಬಿಡಿಸುವಾಗ ಮೊದಲು ನೀರಲ್ಲಿ ನೆನೆಸಿ, ಅದು ತಾನಾಗೇ ಸಡಿಲ ಆಗೋವರೆಗೆ ಕಾಯುತ್ತಿದ್ದರು. ಹಿಂದೆ ಅಷ್ಟು ದೊಡ್ಡ ಸಾಲಿದ್ದರೂ ಒಮ್ಮೆಯೂ ಎಳೆಯಲಿಲ್ಲ. ಅವರಿಗೆ ನನ್ನ ನಮಸ್ಕಾರ.

ಆಸ್ಪತ್ರೆ ಪಕ್ಕದಲ್ಲೇ ಸಿಟಿ ಮಾರ್ಕೆಟ್. ನಾನಿದ್ದ ಹನುಮಂತನಗರದ ಚಿಕ್ಕಮ್ಮನ ಮನೆಯಿಂದ ಬಸ್ಸಿನಲ್ಲಿ ಬೇಗ ಬಂದು ಓಪಿಡಿ ತೆರೆಯುವ ತನಕ ಅಲ್ಲೇ ತಿರುಗುತ್ತಿದ್ದೆ. ಡಿಸೆಂಬರ್, ಅವರೆಕಾಯಿ ಕಾಲ. ಗೋಣಿ ಹಾಸಿ ಅವರೆ ಸುರಿದುಕೊಂಡು ಕೂರುವ ಒಬ್ಬ ಅಜ್ಜಿ ನನ್ನ ಬ್ಯಾಂಡೇಜ್ ನೋಡಿ ಮಾತಿಗೆಳೆದರು. ಅಡುಗೆ ಓದುತ್ತಿದ್ದೇನೆ ಅಂದಾಗ ಒಂದು ಕಾಯಿ ನನ್ನ ಎಡಗೈಗೆ ಕೊಟ್ಟು, "ಉಜ್ಜಿ ಮೂಸಿ ನೋಡು ಮಗ, ಸೊಗಡು ಕೈಗೆ ಹತ್ತಬೇಕು" ಅಂದರು. ಸೊಗಡು ಅಂದರೆ ಕಾಯಿ ಮೇಲಿನ ಆ ಅಂಟು, ಆ ಘಮ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅನ್ನೋದು ಅಜ್ಜಿಯ ಲೆಕ್ಕ. ಬೆಂಡೆಕಾಯಿ ತುದಿ ಪಟ್ ಅಂತ ಮುರಿಯಬೇಕು, ಬದನೆಕಾಯಿ ತೊಟ್ಟು ಹಸಿರಾಗಿ ಬಿಗಿಯಾಗಿರಬೇಕು, ಇವೆಲ್ಲ ಅಲ್ಲೇ ಕಲಿತದ್ದು. ಐದು ವಾರದಲ್ಲಿ ನಾನು ಅವರಿಂದ ಕೊಂಡಿದ್ದು ಎರಡೋ ಮೂರೋ ಕೆಜಿ ಇರಬಹುದು. ಆದರೂ ಹೋದಾಗಲೆಲ್ಲ ಪಕ್ಕದಲ್ಲಿ ಗೋಣಿ ಮಡಿಚಿ ಕೂರೋಕೆ ಜಾಗ ಮಾಡಿಕೊಟ್ಟರು. ಡ್ರೆಸ್ಸಿಂಗ್ ಮುಗಿಸಿ ತಡವಾಗಿ ಕ್ಲಾಸಿಗೆ ಬಂದ ಮೇಲೂ ಕೈಯಲ್ಲಿ ಅವರೆಯ ವಾಸನೆ ಇರುತ್ತಿತ್ತು.

ಚಿಕ್ಕಮ್ಮನ ಬಗ್ಗೆ ಹೇಗೆ ಬರೆಯಲಿ? ಅವರ ಮನೆಯೊಳಗೆ ಮೊಟ್ಟೆ ಕೂಡ ಬರಲ್ಲ. ನಾನು ಕೋಳಿ ಎಂಟು ಭಾಗ ಮಾಡೋದನ್ನು ಕಲಿತ ದಿನ ಹೇಳೋಕೆ ಹೆದರಿದ್ದೆ. ಅವರು ಬಿಸಿನೀರು ಕಾಯಿಸಿಟ್ಟು, ಸ್ನಾನ ಮಾಡಿ ಊಟಕ್ಕೆ ಬಾ ಅಂದರು, ಅಷ್ಟೇ. ಪ್ರತಿ ಪ್ರ್ಯಾಕ್ಟಿಕಲ್‌ಗೂ ಜರ್ನಲ್ ಬರೆದು ಕೊಡಬೇಕಿತ್ತು, ನನಗೆ ಪೆನ್ ಹಿಡಿಯೋಕೆ ಆಗುತ್ತಿರಲಿಲ್ಲ. ರಾತ್ರಿ ಊಟ ಆದ ಮೇಲೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಕೂರೋರು, ನಾನು ಹೇಳುತ್ತಿದ್ದೆ, ಅವರು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು. ಚಿಕನ್ ಸ್ಟಾಕ್, ಮೂರು ಗಂಟೆ, ಸಣ್ಣ ಉರಿ, ಮೇಲಿನ ನೊರೆ ತೆಗೆಯುತ್ತಿರಬೇಕು. ಮೀನಿನ ಸ್ಟಾಕ್, ಅರ್ಧ ಗಂಟೆ ಸಾಕು, ಜಾಸ್ತಿ ಕುದಿಸಿದರೆ ಕಹಿ. ಒಂದು ಪದ ಬಿಡದೆ ಬರೆದರು. ಬೆಶಮೆಲ್ ಸಾಸ್ ಬಂದಾಗ ಮಾತ್ರ ಪೆನ್ ನಿಲ್ಲಿಸಿದರು. 60 ಗ್ರಾಂ ಬೆಣ್ಣೆಯಲ್ಲಿ 60 ಗ್ರಾಂ ಮೈದಾ ಹುರಿದು, ಒಂದು ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು, ಬಿಸಿ ಮೈದಾಗೆ ಹಾಲು ತಣ್ಣಗಿದ್ದರೆ ಗಂಟಾಗಲ್ಲ ಅಂದೆ. "ರಾಗಿ ಹಿಟ್ಟನ್ನ ಮೊದಲು ತಣ್ಣೀರಲ್ಲಿ ಕದಡಿ ಆಮೇಲೆ ಕುದಿಯೋ ನೀರಿಗೆ ಬಿಡಲ್ವಾ, ಅದೇ ಉಪಾಯ ತಾನೆ?" ಅಂದರು. ಹೌದು, ಅದೇ. ಹಿಟ್ಟಿನ ಕಣಗಳು ಒಂದಕ್ಕೊಂದು ಅಂಟುವ ಮೊದಲು ಬಿಡಿಬಿಡಿ ಆಗಬೇಕು, ಅಲ್ಲಿ ಬೆಣ್ಣೆ ಮಾಡುವ ಕೆಲಸವನ್ನು ಇಲ್ಲಿ ತಣ್ಣೀರು ಮಾಡುತ್ತದೆ. ಮಾರನೇ ದಿನ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಸರ್ ಬೋರ್ಡ್ ಮೇಲೆ ರಾಗಿ ಗಂಜಿ ಅಂತ ಬರೆದು ಪಾಠ ಮುಂದುವರಿಸಿದರು. ಚಿಕ್ಕಮ್ಮನಿಗೆ ಎಷ್ಟು ಹೇಳಿದರೂ ನಂಬಲಿಲ್ಲ.

ಜನವರಿಯಲ್ಲಿ ಕಟ್ಟು ಬಿಚ್ಚಿದರು. ಚರ್ಮ ತೆಳು, ಗುಲಾಬಿ ಬಣ್ಣ. ಚಾಕು ಹಿಡಿದರೆ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಮೊದಲ ಈರುಳ್ಳಿ ಹೆಚ್ಚೋಕೆ ಹತ್ತು ನಿಮಿಷ ಬೇಕಾಯಿತು. ಮೂರು ಮಿಲಿಮೀಟರ್ ಚೌಕಕ್ಕೆ ಕ್ಯಾರೆಟ್ ಕತ್ತರಿಸೋದು ಮಾರ್ಚ್ ಹೊತ್ತಿಗೆ ಕೈಗೆ ಬಂತು. ಪರೀಕ್ಷೆಯಲ್ಲಿ ಬಂದದ್ದು ಕ್ರೀಮ್ ಸೂಪ್, ಹೂಕೋಸಿನ ಗ್ರಾಟಿನ್, ಕ್ಯಾರಮೆಲ್ ಕಸ್ಟರ್ಡ್. ಗ್ರಾಟಿನ್ ಅಂದರೆ ಸಾಸ್ ಸುರಿದು ಮೇಲ್ಭಾಗ ಕೆಂಪಗಾಗುವ ಹಾಗೆ ಬೇಯಿಸೋದು, ಅದಕ್ಕೆ ಬೆಶಮೆಲ್ ಬೇಕು. ಹಾಲು ಬಿಡುವಾಗ ಕಿವಿಯಲ್ಲಿ ಚಿಕ್ಕಮ್ಮನ ರಾಗಿ ಗಂಜಿಯೇ ಇತ್ತು. ಒಂದು ಗಂಟೂ ಆಗಲಿಲ್ಲ.

ಅಣ್ಣ, ನಿಮ್ಮ ಮಗಳು ಇದನ್ನು ನಿಮಗೆ ಓದಿ ಹೇಳುತ್ತಾಳೆ ಅಂತ ನಂಬಿದ್ದೇನೆ. ನಿಮ್ಮ ಟವೆಲ್ ಇನ್ನೂ ನನ್ನ ಹತ್ತಿರವೇ ಇದೆ. ಒಗೆದು, ನೀವು ಮಡಿಚಿಟ್ಟ ಹಾಗೇ ಮಡಿಚಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಕಾಲೇಜಿಗೆ ಬಂದು ಕೊಡುತ್ತೇನೆ. ಚಿಕ್ಕಮ್ಮನೂ ನಿಮ್ಮನ್ನು ನೋಡಬೇಕು ಅಂತ ಜೊತೆಗೆ ಬರುತ್ತಿದ್ದಾರೆ, ತಿಂಡಿ ತರುತ್ತಾರಂತೆ, ನೀವು ಅವತ್ತು ಮನೆಯಲ್ಲಿ ತಿಂದು ಬರಬೇಡಿ.