ಶನಿವಾರದ ಚರ್ಚೆ: ಸಹಾರಾದ ಸಾರ್ಥಗಳು ಮತ್ತು ಇಸ್ಲಾಂ

ಸದಸ್ಯರೆಲ್ಲರಿಗೂ ನಮಸ್ಕಾರ.

ಶನಿವಾರ ಪಶ್ಚಿಮ ಆಫ್ರಿಕಾದ ಪ್ರಾಚೀನ ಘಾನಾ (ಇಂದಿನ ಘಾನಾ ದೇಶವಲ್ಲ) ಮತ್ತು ಮಾಲಿ ಸಾಮ್ರಾಜ್ಯಗಳ ಕುರಿತು ಚರ್ಚಿಸಲಿದ್ದೇವೆ. ಇಸ್ಲಾಂ ಅಲ್ಲಿಗೆ ಕತ್ತಿಯ ಬಲದಿಂದಲೇ ಬಂತೆಂಬ ಪೂರ್ವಗ್ರಹವನ್ನು ದಯವಿಟ್ಟು ಬದಿಗಿಟ್ಟು ಬನ್ನಿ. ಅದು ಹೆಚ್ಚಾಗಿ ಬಂದದ್ದು ಒಂಟೆಯ ಸಾರ್ಥಗಳ ವರ್ತಕರೊಂದಿಗೆ.

11ನೆಯ ಶತಮಾನದ ಅರಬ್ ಭೂಗೋಳಕಾರ ಅಲ್ ಬಕ್ರಿ (ಸ್ವತಃ ಅಲ್ಲಿಗೆ ಹೋಗದೆ, ಕೇಳಿ ತಿಳಿದು ಬರೆದವನು) ಹೇಳುವಂತೆ, ಘಾನಾದ ರಾಜಧಾನಿಯಲ್ಲಿ ಎರಡು ಊರುಗಳಿದ್ದವು: ಒಂದರಲ್ಲಿ 12 ಮಸೀದಿಗಳೂ ಮುಸ್ಲಿಂ ವರ್ತಕರೂ, ಇನ್ನೊಂದರಲ್ಲಿ ಪೂರ್ವಿಕರ ಧರ್ಮವನ್ನೇ ಪಾಲಿಸುತ್ತಿದ್ದ ಅರಸನೂ ಇದ್ದರು. ಆದರೂ ಆ ಅರಸನು ಅಕ್ಷರ ಬಲ್ಲ ಮುಸ್ಲಿಮರನ್ನು ದುಭಾಷಿಗಳನ್ನಾಗಿ, ಖಜಾನೆಯ ಅಧಿಕಾರಿಯನ್ನಾಗಿ, ಬಹುಪಾಲು ಮಂತ್ರಿಗಳನ್ನಾಗಿ ನೇಮಿಸಿಕೊಂಡಿದ್ದನು. ಒಳಬರುವ ಪ್ರತಿ ಕತ್ತೆಹೇರು ಉಪ್ಪಿಗೆ 1 ದಿನಾರ್ (ಚಿನ್ನದ ನಾಣ್ಯ), ಹೊರಹೋಗುವುದಕ್ಕೆ 2 ದಿನಾರ್ ಸುಂಕ ಪಡೆಯುತ್ತಿದ್ದನು. ನನ್ನ ದೃಷ್ಟಿಯಲ್ಲಿ ಮತಾಂತರಕ್ಕಿಂತ ಮೊದಲೇ ಬರವಣಿಗೆ ಮತ್ತು ಲೆಕ್ಕ ರಾಜ್ಯಾಡಳಿತವನ್ನು ಬದಲಿಸಿದ್ದವೆಂಬುದಕ್ಕೆ ಇದೇ ಸಾಕ್ಷಿ.

ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಹಜ್ ಯಾತ್ರೆಯ ಹಾದಿಯಲ್ಲಿ ಕೈರೋದಲ್ಲಿ ಚಿನ್ನ ಹಂಚಿದ ಕಥೆ ಎಲ್ಲರಿಗೂ ಗೊತ್ತಿದೆ. ಅದಕ್ಕಿಂತ ಸಹಾರಾದ ತಘಾಜಾ ಎಂಬಲ್ಲಿನ ಉಪ್ಪಿನ ಗಣಿಗಳತ್ತ ಗಮನ ಕೊಡಿ: 1352ರಲ್ಲಿ ಅಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಮನೆಗಳನ್ನೂ ಮಸೀದಿಯನ್ನೂ ಉಪ್ಪಿನ ಇಟ್ಟಿಗೆಗಳಿಂದಲೇ ಕಟ್ಟಿ, ಚಾವಣಿಗೆ ಒಂಟೆಯ ಚರ್ಮ ಹೊದಿಸಿದ್ದನ್ನು ಕಂಡನು. ಗುಲಾಮರು ಅಗೆದ ಆ ಉಪ್ಪೇ ದಕ್ಷಿಣದಲ್ಲಿ ಚಿನ್ನಕ್ಕೆ ವಿನಿಮಯವಾಗುತ್ತಿತ್ತು.

ಪ್ರಶ್ನೆಗಳನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ.